ತುಂಬಾ ಸ್ಟ್ರಿಕ್ಟ್ ಅಂತೆ

ಕ್ಯಾಥೋಲಿಕ್ ಸಿಸ್ಟರ್‌ಗಳು ನಡೆಸುವ ನಮ್ಮ ಶಾಲೆಯ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ ಮಾತು. "ಅದಾ? ತುಂಬಾ ಸ್ಟ್ರಿಕ್ಟ್ ಅಂತೆ, ಅಲ್ವಾ?" ಮಗಳನ್ನು ಎಲ್ಲಿಗೆ ಸೇರಿಸೋಣ ಎಂದು ಹುಡುಕುತ್ತಿರುವ ತಾಯಿ ಇದನ್ನು ಆಸೆಯಿಂದ ಕೇಳುತ್ತಾರೆ. ಆ ಮಗಳು ಪಕ್ಕದಲ್ಲೇ ನಿಂತಿದ್ದರೆ ಅವಳ ಮುಖ ನೋಡಬೇಕು.

ಈ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ, ಜೊತೆಗೆ ಒಂದು ದೊಡ್ಡ ಕಟ್ಟು ಕಾಗದವನ್ನೂ ಕೈಗಿಟ್ಟರು. ಪೋಷಕರಿಂದ ಮತ್ತು ಶಾಲೆ ಬಿಟ್ಟು ಹೋಗುವ ಮಕ್ಕಳಿಂದ ವರ್ಷಾ ವರ್ಷಾ ಬರೆಸಿಕೊಂಡ ಅಭಿಪ್ರಾಯ ಪತ್ರಗಳು. "ಓದಿ, ಬರೆಯೋಕೆ ಏನಾದ್ರೂ ಸಿಗಬಹುದು" ಅಂದರು. ಒಬ್ಬನೇ ಕೂತು ಓದಿದೆ. ಒಂದೇ ಶಾಲೆಯ ಬಗ್ಗೆ ಬರೆದದ್ದಾ ಇದು ಎಂದು ಆಗಾಗ ಅನುಮಾನ ಬಂತು.

ಪೋಷಕರ ಪತ್ರಗಳು ಓದಲು ಸುಲಭ. ಶಿಸ್ತು ಚೆನ್ನಾಗಿದೆ. ಮಕ್ಕಳು ದಾರಿ ತಪ್ಪುವುದಿಲ್ಲ. ಸಮಯಕ್ಕೆ ಸರಿಯಾಗಿ ಗಂಟೆ ಹೊಡೆಯುತ್ತದೆ. ಸಿಸ್ಟರ್‌ಗಳು ಇದ್ದಾರೆ ಅನ್ನುವುದೇ ಒಂದು ಧೈರ್ಯ. ದೂರುಗಳೂ ಇವೆ. ಫೀಸು ಜಾಸ್ತಿ, ಕಟ್ಟಡಕ್ಕೆ ಅಂತ ಪಡೆದ ದುಡ್ಡಿನ ಲೆಕ್ಕ ಹೇಳುವುದಿಲ್ಲ, ಹೋಂವರ್ಕ್ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು ಬೇರೆ: "ಮೀಟಿಂಗ್ ಕರೀತಾರೆ, ಆದರೆ ಅವರೇ ಮಾತಾಡಿ ಕಳಿಸ್ತಾರೆ." ಇದನ್ನು ಬರೆದ ತಂದೆ ತಾಯಂದಿರಿಗೆ ಒಂದು ವಿಷಯ ಗೊತ್ತಿದ್ದರೆ ಚೆನ್ನಾಗಿತ್ತು. 1983ರಲ್ಲಿ ಬಂದ ಕ್ಯಾಥೋಲಿಕ್ ಧರ್ಮಸಭೆಯ ಕಾನೂನು ಸಂಹಿತೆ ಈ ಮಾತನ್ನು ನೇರವಾಗಿಯೇ ಹೇಳುತ್ತದೆ. ಅದರ 796ನೇ ನಿಯಮದ ಪ್ರಕಾರ ಶಿಕ್ಷಕರು ಪೋಷಕರ ಮಾತನ್ನು ಮನಸ್ಸಿಟ್ಟು ಕೇಳಬೇಕು, ಪೋಷಕರ ಸಂಘಗಳನ್ನೋ ಸಭೆಗಳನ್ನೋ ಏರ್ಪಡಿಸಬೇಕು, ಅವಕ್ಕೆ ಬೆಲೆ ಕೊಡಬೇಕು. ಮಕ್ಕಳಿಗೆ ಮೊದಲ ಗುರುಗಳು ತಂದೆ ತಾಯಿಯೇ ಎಂದು, ಲೋಕದ ಕ್ಯಾಥೋಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿಯಾಗಿತ್ತು. ಅಂದರೆ ಮಾತಾಡುವ ಹಕ್ಕು ಪೋಷಕರಿಗೆ ಯಾರೋ ದಯೆಯಿಂದ ಕೊಟ್ಟದ್ದಲ್ಲ.

ಇನ್ನು ಮಕ್ಕಳ ಪತ್ರಗಳು. ಮೊದಮೊದಲು ಬಹಳ ಬೇಸರ ಬಂತು. "ನಮ್ಮ ಶಾಲೆ ನಮಗೆ ದೇಗುಲ", "ಗುರುಗಳೇ ದಾರಿದೀಪ", ಹಾಳೆ ಹಾಳೆಯಲ್ಲೂ ಇದೇ. ಹೆಸರು, ಕ್ಲಾಸು, ರೋಲ್ ನಂಬರ್ ಬರೆದು ಕೊಡಬೇಕಾದ ಕಾಗದದಲ್ಲಿ ಇನ್ನೇನು ತಾನೇ ಬರೆಯುತ್ತಾರೆ? ಆದರೆ ಮಧ್ಯದಲ್ಲಿ ಒಂದು ವರ್ಷದ ಕಟ್ಟು ಸಿಕ್ಕಿತು. ಪ್ರೆಸ್‌ನವರ ಎಡವಟ್ಟೋ ಏನೋ, ಆ ವರ್ಷದ ಪತ್ರದಲ್ಲಿ ಹೆಸರಿನ ಜಾಗವೇ ಇಲ್ಲ. ಅಲ್ಲಿಂದ ಮಾತು ಶುರುವಾಗುತ್ತದೆ.

ಕೂದಲು, ಶೂ, ಸಾಕ್ಸು, ಉಗುರು, ಸ್ಕರ್ಟಿನ ಉದ್ದ, ತಡವಾಗಿ ಬಂದರೆ ಗೇಟಿನ ಹೊರಗೆ ನಿಲ್ಲಿಸುವುದು, ಡೈರಿಯಲ್ಲಿ ರಿಮಾರ್ಕ್. ಎಲ್ಲ ಇದೆ. ಆದರೆ ಸರಿಯಾಗಿ ಓದಿದರೆ "ರೂಲ್ಸ್ ಬೇಡ" ಅಂತ ಬರೆದವರು ತೀರಾ ಕಡಿಮೆ. ಅವರು ಬರೆದದ್ದು ಇನ್ನೊಂದು. "ಫುಟ್‌ಬಾಲ್ ಟೀಮಿನವರ ಕೂದಲು ಯಾರ ಕಣ್ಣಿಗೂ ಬೀಳಲ್ಲ." "ಅವಳ ಅಪ್ಪ ಕಮಿಟಿಯಲ್ಲಿ ಇದ್ದಾರೆ, ಅದಕ್ಕೇ ಅವಳಿಗೆ ಡಿಟೆನ್ಷನ್ ಇಲ್ಲ." "ಏನು ತಪ್ಪು ಮಾಡ್ದೆ ಅಂತ ಹೇಳಿ ಆಮೇಲೆ ಬೈಯಿರಿ."

ಇದನ್ನು ಓದಿದಾಗ ನನಗೆ ಅಸೆಂಬ್ಲಿಯ ಒಂದು ಬೆಳಗ್ಗೆ ಕಣ್ಣಿಗೆ ಕಟ್ಟಿತು. ನನ್ನ ಬೆಂಚಿನ ಹುಡುಗನನ್ನು ವೇದಿಕೆಗೆ ಕರೆದರು. ಕೂದಲು ಕಿವಿ ಮುಟ್ಟಿತ್ತು, ಅಷ್ಟೇ. ಇಡೀ ಶಾಲೆಯ ಮುಂದೆ ತಿರುಗಿಸಿ ತಿರುಗಿಸಿ ತೋರಿಸಿದರು. ಅದಕ್ಕಿಂತ ಉದ್ದ ಕೂದಲಿನ ಸ್ಕೂಲ್ ಕ್ಯಾಪ್ಟನ್ ಅದೇ ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತಿದ್ದ. ನಾವು ಯಾರೂ ನಗಲಿಲ್ಲ. ಆ ಹುಡುಗ ಸಂಜೆಯೇ ಕೂದಲು ಕತ್ತರಿಸಿಕೊಂಡ, ನಿಜ. ಶಿಸ್ತು ಕಲಿತ ಅಂತ ಅವನ ಅಪ್ಪ ಖುಷಿಪಟ್ಟಿರಲೂಬಹುದು. ಆದರೆ ಶಾಲೆ ಮುಗಿಯುವವರೆಗೂ ಅವನು ಆ ಟೀಚರ್ ಎದುರು ಬಾಯಿ ಬಿಡಲಿಲ್ಲ. ಗೊತ್ತಿದ್ದ ಉತ್ತರಕ್ಕೂ ಕೈ ಎತ್ತುತ್ತಿರಲಿಲ್ಲ.

ಪೋಷಕರು ಶಾಲೆ ಎಷ್ಟು ಬಿಗಿ ಅಂತ ನೋಡುತ್ತಾರೆ. ಮಕ್ಕಳು ಆ ಬಿಗಿ ಎಲ್ಲರಿಗೂ ಒಂದೇನಾ ಅಂತ ನೋಡುತ್ತಾರೆ. ಇಡೀ ಕಟ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ.

ತಮಾಷೆ ಅಂದರೆ, ಶಾಲೆಯ ಹಾಲ್‌ನಲ್ಲಿ ಫೋಟೋ ಹಾಕಿರುವ ಆ ಸಂತರು, ಇಟಲಿಯ ಪಾದ್ರಿ ಡಾನ್ ಬಾಸ್ಕೊ, ಈ ವಿಷಯದಲ್ಲಿ ಮಕ್ಕಳ ಕಡೆ. ನಮ್ಮ ಸಿಸ್ಟರ್‌ಗಳ ಸಭೆಯನ್ನು, ಅಂದರೆ ಅವರು ಸೇರಿರುವ ಸನ್ಯಾಸಿನಿಯರ ಸಂಘವನ್ನು, ಅವರು ಮತ್ತು ಮರಿಯಾ ಮಜ್ಜರೆಲ್ಲೊ 1872ರಲ್ಲಿ ಇಟಲಿಯ ಮೊರ್ನೇಸೆ ಎಂಬ ಹಳ್ಳಿಯಲ್ಲಿ ಶುರು ಮಾಡಿದರು. ಇಷ್ಟನ್ನು ನಾವೆಲ್ಲ ಶಾಲೆಯ ಹಬ್ಬಕ್ಕೆ ಬಾಯಿಪಾಠ ಮಾಡಿ ಭಾಷಣ ಹೊಡೆದಿದ್ದೇವೆ. ಡಾನ್ ಬಾಸ್ಕೊ 1877ರಲ್ಲಿ ಬರೆದ ಚಿಕ್ಕ ಪ್ರಬಂಧವನ್ನು ಮಾತ್ರ ಯಾರೂ ನಮಗೆ ಓದಿಸಿರಲಿಲ್ಲ. ಈಗ ಹುಡುಕಿ ಓದಿದೆ. ತಪ್ಪು ಆದ ಮೇಲೆ ದಂಡಿಸುವುದಕ್ಕಿಂತ, ತಪ್ಪು ಆಗದ ಹಾಗೆ ಮಕ್ಕಳ ಜೊತೆಗಿರುವುದು ಮೇಲು ಅನ್ನುವುದು ಅವರ ವಾದ. ವಿವೇಕ, ಧರ್ಮ, ಪ್ರೀತಿ ಈ ಮೂರರ ಮೇಲೆ ಅದು ನಿಂತಿದೆ. ಅದು ಎಲ್ಲರಿಗೂ ಗೊತ್ತಿರುವ ಭಾಗ. ಗೊತ್ತಿಲ್ಲದ ಭಾಗ ಕೊನೆಯಲ್ಲಿದೆ. ನಿಯಮಗಳನ್ನೂ ಅದಕ್ಕೆ ಇರುವ ಶಿಕ್ಷೆಯನ್ನೂ ಮಕ್ಕಳಿಗೆ ಮೊದಲೇ ತಿಳಿಸಿರಬೇಕು. ತೀರಾ ಅಪರೂಪಕ್ಕೆ ಬಿಟ್ಟರೆ ಎಲ್ಲರೆದುರು ಬೈಯಬಾರದು, ಒಬ್ಬನೇ ಇದ್ದಾಗ ಹೇಳಬೇಕು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವ ಹಾಗೆ ಮಂಡಿಯೂರಿ ಕೂರಿಸುವುದು ಯಾವುದೂ ಕೂಡದು. ಹತ್ತೊಂಬತ್ತನೇ ಶತಮಾನದಲ್ಲಿ ಬರೆದ ಮಾತು ಇದು. ಹೆಸರಿಲ್ಲದ ಆ ಪತ್ರಗಳನ್ನು ಡಾನ್ ಬಾಸ್ಕೊ ಓದಿದ್ದರೆ ಒಂದೊಂದಕ್ಕೂ ಸಹಿ ಹಾಕುತ್ತಿದ್ದರೇನೋ.

ಸರಿ, ಬರೀ ದೂರೇ ಹೇಳಿದರೆ ನೆನಪು ಅನ್ನಿಸಿಕೊಳ್ಳುವುದಿಲ್ಲ. ಮಕ್ಕಳ ಪತ್ರಗಳಲ್ಲಿ ಪದೇ ಪದೇ ಬರುವ, ಪೋಷಕರ ಪತ್ರಗಳಲ್ಲಿ ಒಮ್ಮೆಯೂ ಬರದ ಒಂದು ಜಾಗ ಇದೆ. ಅದು ಮೈದಾನ.

ನಮ್ಮ ಕಾಲದಲ್ಲಿ ಬಿಡುವಿನ ಗಂಟೆ ಹೊಡೆದರೆ ಸಿಸ್ಟರ್‌ಗಳು ಸ್ಟಾಫ್ ರೂಮಿಗೆ ಹೋಗುತ್ತಿರಲಿಲ್ಲ. ಹೊರಗೆ ಬರುತ್ತಿದ್ದರು. ಗಣಿತ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಉದ್ದ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ವಾಲಿಬಾಲ್ ಆಡುತ್ತಿದ್ದರು. ಸರ್ವ್ ಮಾಡಿದರೆ ನಮ್ಮ ಕೈ ಉರಿಯುತ್ತಿತ್ತು. ಸೋತರೆ ಮುಖ ಊದಿಸಿಕೊಳ್ಳುತ್ತಿದ್ದರು, ಅದು ನಮಗೆ ಭಾರಿ ಇಷ್ಟ. ಆಟದ ಮಧ್ಯೆ, ಚೆಂಡು ತರಲು ಹೋದವನ ಹಿಂದೆಯೇ ಬಂದು, "ಏನೋ, ಎರಡು ದಿನದಿಂದ ಮಾತೇ ಇಲ್ಲ? ಮನೇಲಿ ಎಲ್ಲಾ ಸರಿ ಇದೆಯಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಡುವರು. ಹೇಳಬೇಕು ಅನ್ನಿಸಿದರೆ ಸಂಜೆ ನಾವೇ ಹೋಗಿ ಹೇಳುತ್ತಿದ್ದೆವು. ನಾನು ಅವರಿಂದ ಬೈಸಿಕೊಂಡದ್ದು ಲೆಕ್ಕವಿಲ್ಲ. ಒಂದೂ ಮನಸ್ಸಿನಲ್ಲಿ ಉಳಿದಿಲ್ಲ. ಅವರ ಪಾಠಕ್ಕೆ ಓದದೆ ಹೋಗಲು ನಾಚಿಕೆ ಆಗುತ್ತಿತ್ತು. ಹೆದರಿಕೆ ಅಲ್ಲ, ನಾಚಿಕೆ.

ಡಾನ್ ಬಾಸ್ಕೊ 1884ರ ಮೇ ತಿಂಗಳಲ್ಲಿ ರೋಮ್‌ನಿಂದ, ಟ್ಯೂರಿನ್‌ನಲ್ಲಿ ಹುಡುಗರಿಗಾಗಿ ತಾವು ನಡೆಸುತ್ತಿದ್ದ ಮನೆಗೆ ಒಂದು ಕಾಗದ ಬರೆದರು. ಅದರಲ್ಲಿ ಒಂದು ಕನಸಿನ ಕಥೆ ಇದೆ. ಕನಸಿನಲ್ಲಿ ಅವರ ಹಳೆಯ ವಿದ್ಯಾರ್ಥಿಗಳಿಬ್ಬರು ಬಂದು ಮೈದಾನ ತೋರಿಸುತ್ತಾರೆ. ಒಬ್ಬ ತೋರಿಸುವುದು ಹಳೆಯ ಕಾಲದ್ದು: ಹುಡುಗರು ಓಡುತ್ತಿದ್ದಾರೆ, ನಗುತ್ತಿದ್ದಾರೆ, ಗುರುಗಳು ಅವರ ಮಧ್ಯೆಯೇ ಇದ್ದಾರೆ. ಇನ್ನೊಬ್ಬ ತೋರಿಸುವುದು ಈಗಿನದ್ದು: ಹುಡುಗರು ಕಂಬಕ್ಕೆ ಒರಗಿ ಸಪ್ಪಗೆ ನಿಂತಿದ್ದಾರೆ, ಗುರುಗಳು ತಮ್ಮತಮ್ಮಲ್ಲೇ ಮಾತಾಡುತ್ತಾ ಓಡಾಡುತ್ತಿದ್ದಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು ಅನ್ನುವ ಪ್ರಸಿದ್ಧ ಮಾತು ಬರುವುದು ಈ ಕಾಗದದಲ್ಲೇ. ಮಕ್ಕಳಿಗೆ ಇಷ್ಟವಾದ ಆಟದಲ್ಲಿ ನೀವು ಸೇರಿದರೆ, ಅವರಿಗೆ ಇಷ್ಟವಿಲ್ಲದ ಪಾಠ, ಶಿಸ್ತುಗಳಲ್ಲಿ ಅವರು ನಿಮ್ಮ ಜೊತೆ ಬರುತ್ತಾರೆ ಅನ್ನುವುದು ಒಟ್ಟು ಅರ್ಥ. ಶಾಲೆಗೆ ಬುದ್ಧಿ ಹೇಳಲು ಬಂದವರು ಹಳೆಯ ವಿದ್ಯಾರ್ಥಿಗಳು ಅನ್ನುವುದನ್ನು ಸಂಪಾದಕರು ದಯವಿಟ್ಟು ಗಮನಿಸಬೇಕು. ನಮಗೂ ಒಂದು ಪರಂಪರೆ ಇದೆ!

ಧರ್ಮದ ವಿಷಯಕ್ಕೂ ಒಂದು ಮಾತು, ಯಾಕೆಂದರೆ ಪೋಷಕರು ಗುಟ್ಟಾಗಿ ಕೇಳುವ ಪ್ರಶ್ನೆ ಅದೇ. ನಾನು ಕ್ಯಾಥೋಲಿಕ್ ಅಲ್ಲ. ಸೇರಿಸುವಾಗ ಮನೆಯಲ್ಲಿ ಚರ್ಚೆ ಆಗಿತ್ತು. ಬೆಳಗಿನ ಪ್ರಾರ್ಥನೆಯನ್ನು ನಾನು ಎಲ್ಲರ ಜೊತೆ ಹೇಳುತ್ತಿದ್ದೆ, ಚಾಪೆಲ್‌ನಲ್ಲಿ ಬೇಕಾದಾಗ ಸುಮ್ನೆ ಕೂರುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಅಲ್ಲಿ ಎಲ್ಲ ಧರ್ಮದವರೂ ಇರುತ್ತಿದ್ದರು. ಯಾರೂ ನನ್ನನ್ನು ಎಳೆಯಲಿಲ್ಲ. ಯಾರನ್ನೂ ಒತ್ತಾಯದಿಂದ ತಮ್ಮ ಧರ್ಮಕ್ಕೆ ತರಬಾರದು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಕ್ಯಾಥೋಲಿಕ್ ಅಲ್ಲದ ಮಕ್ಕಳೂ ಓದುವ ಶಾಲೆಗಳು ತಮಗೆ ಬಹಳ ಪ್ರಿಯ ಅಂತ 1965ರ ಆ ಮಹಾಸಭೆ ಬರೆದಿಟ್ಟಿದೆ. ನನಗೆ ಬೇಜಾರಾದದ್ದು ಬೇರೆ ಕಾರಣಕ್ಕೆ. ಕ್ಯಾಥೋಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ನಮ್ಮನ್ನು ಇನ್ನೊಂದು ಕೋಣೆಗೆ ಕಳಿಸಿ ನೀತಿಪಾಠ ಅನ್ನುತ್ತಿದ್ದರು. ಆ ಪಾಠ ಮಾಡಲು ಯಾರೂ ಬರುತ್ತಿರಲಿಲ್ಲ. ಹೆಸರಿಲ್ಲದ ಪತ್ರಗಳಲ್ಲಿ ಒಬ್ಬಳು ಇದನ್ನೇ ಬರೆದಿದ್ದಾಳೆ: "ನಮಗೆ ಏನಾದ್ರೂ ಕಲಿಸಿ, ಇಲ್ಲಾ ಅಲ್ಲೇ ಕೂರಿಸಿ." ಹುಡುಗರ ಪತ್ರಗಳಲ್ಲಿ ಅದರ ಬಗ್ಗೆ ದೂರು ಇಲ್ಲ. ಆ ಪೀರಿಯಡ್‌ನಲ್ಲಿ ನಾವು ಕ್ರಿಕೆಟ್ ಟೀಮ್ ಆರಿಸುತ್ತಿದ್ದೆವು.

ಪಾಠ, ಅಂಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುತ್ತಲಿನ ಶಾಲೆಗಳಿಗೆ ಕಡಿಮೆ ಇಲ್ಲದ ಹಾಗೆ ಪಾಠ ನಡೆಯಬೇಕು ಅನ್ನುವುದು ಕ್ಯಾಥೋಲಿಕ್ ಶಾಲೆಗಳಿಗೆ 806ನೇ ನಿಯಮದಲ್ಲೇ ಇದೆ. ನಮ್ಮಲ್ಲಿ ನಡೆಯುತ್ತಿತ್ತು. ಲ್ಯಾಬ್ ಮಾತ್ರ ಬೀಗ ಹಾಕಿಯೇ ಇರುತ್ತಿತ್ತು.

ಇನ್ನೊಂದು ಕುತೂಹಲದ ವಿಷಯ. ಪೋಷಕರ ಅಭಿಪ್ರಾಯ ಕೆಲವು ವರ್ಷ ಮೇಲೇರುತ್ತದೆ, ಕೆಲವು ವರ್ಷ ಧೊಪ್ಪನೆ ಕೆಳಗೆ ಬೀಳುತ್ತದೆ. ಶಾಲೆಯ ದಾಖಲೆ ಜೊತೆ ಇಟ್ಟು ನೋಡಿದಾಗ ಅರ್ಥವಾಯಿತು. ಅದು ಹೆಡ್‌ಮಿಸ್ಟ್ರೆಸ್ ಬದಲಾದ ವರ್ಷ. ಸಭೆಯವರು ನಡೆಸುವ ಶಾಲೆಗಳಲ್ಲಿ ಮುಖ್ಯಸ್ಥರಿಗೆ ಅವಧಿ ಮುಗಿದರೆ ವರ್ಗಾವಣೆ. ಒಬ್ಬ ಸಿಸ್ಟರ್ ಬಾಗಿಲು ತೆರೆದಿಡುತ್ತಾರೆ, ಇನ್ನೊಬ್ಬರು ಅಪಾಯಿಂಟ್‌ಮೆಂಟ್ ಕೇಳುತ್ತಾರೆ. ಹೊಸದಾಗಿ ಮಗುವನ್ನು ಸೇರಿಸುವವರಿಗೆ ನನ್ನ ಸಲಹೆ ಇದು: ಶಾಲೆಗೆ ಎಷ್ಟು ವರ್ಷ ಆಯಿತು ಅಂತ ಕೇಳಬೇಡಿ, ಈಗಿನ ಹೆಡ್‌ಮಿಸ್ಟ್ರೆಸ್ ಬಂದು ಎಷ್ಟಾಯಿತು ಅಂತ ಕೇಳಿ. ಶಾಲೆಯ ಮಕ್ಕಳನ್ನೂ ಒಂದೆರಡು ಮಾತಾಡಿಸಿ, ಟೀಚರ್‌ಗಳು ಹತ್ತಿರ ಇಲ್ಲದಾಗ.

ಕಾಗದದ ಕಟ್ಟು ವಾಪಸ್ ಕೊಡಲು ಹೋದಾಗ ಈಗಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಸಿಕ್ಕರು. ಏನು ಕಂಡಿರಿ ಅಂತ ಕೇಳಿದರು. ಮೈದಾನದ ವಿಷಯ ಹೇಳಿದೆ. ನಕ್ಕರು. "ಆಗ ಮನೆ ತುಂಬಾ ಸಿಸ್ಟರ್‌ಗಳಿದ್ದರು. ಈಗ ನಾವಿರೋದು ಬೆರಳೆಣಿಕೆ. ಟೀಚರ್‌ಗಳಿಗೆ ಅವರವರ ಮನೆ, ಮಕ್ಕಳು. ಬಿಡುವಿನಲ್ಲಿ ಪೇಪರ್ ತಿದ್ದಲಿಲ್ಲ ಅಂದ್ರೆ ರಾತ್ರಿ ತಿದ್ದಬೇಕು. ಆಡೋಕೆ ಬನ್ನಿ ಅಂತ ಹೇಗೆ ಹೇಳಲಿ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಹಳ ಕಡೆ ಇದೇ ಕಥೆ. ಸನ್ಯಾಸಕ್ಕೆ ಬರುವವರು ಕಡಿಮೆಯಾದ ಹಾಗೆ, ಒಂದು ಕಾಲದಲ್ಲಿ ಸಿಸ್ಟರ್‌ಗಳು, ಬ್ರದರ್‌ಗಳು ನಿಂತಿದ್ದ ಜಾಗದಲ್ಲಿ ಸಂಬಳದ ಮೇಲೆ ಬದುಕುವ ಸಂಸಾರಸ್ಥರು ನಿಂತಿದ್ದಾರೆ. ಅವರಿಂದ ಅದೇ ಬಿಡುವು ಕೇಳುವುದು ನ್ಯಾಯವಲ್ಲ.

ಹೊರಗೆ ಬಂದಾಗ ಬಿಡುವಿನ ಸಮಯ. ಮೈದಾನದಲ್ಲಿ ದೊಡ್ಡವರು ಅಂತ ಇದ್ದದ್ದು ಪಿಟಿ ಸರ್ ಒಬ್ಬರೇ. ಸುತ್ತ ಹುಡುಗರು, ಹುಡುಗಿಯರು, ಎಲ್ಲರದೂ ಏನೋ ಜಗಳ, ಎಲ್ಲರೂ ಅವರಿಗೇ ಹೇಳುತ್ತಿದ್ದರು. ಅವರು ಮೂಲೆಯಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗನನ್ನು ಹೆಸರು ಹಿಡಿದು ಕೂಗಿ ಕರೆದು ಚೆಂಡು ಎಸೆದರು. ಇತ್ತೀಚಿನ ಪೋಷಕರ ಪತ್ರಗಳಲ್ಲಿ ಆ ಸರ್ ಹೆಸರು ಎಲ್ಲೂ ಇಲ್ಲ. ಬರೆಯಲು ಅಲ್ಲಿ ಜಾಗವೂ ಇಲ್ಲ. ಶಿಸ್ತು, ಪಾಠ, ಸ್ವಚ್ಛತೆ, ಶುಲ್ಕ, ಕಟ್ಟಡ ಅಂತ ಐದು ಪ್ರಶ್ನೆ, ಪಕ್ಕದಲ್ಲಿ ಗುರುತು ಹಾಕಲು ಚೌಕ. ಮುಂದಿನ ಸಲ ಪತ್ರ ಅಚ್ಚು ಹಾಕಿಸುವಾಗ ಆರನೆಯದಾಗಿ ಒಂದು ಪ್ರಶ್ನೆ ಸೇರಿಸಬೇಕೆಂದು ಸಿಸ್ಟರ್‌ಗೆ ಬರೆದುಕೊಟ್ಟು ಬಂದಿದ್ದೇನೆ: "ನಿಮ್ಮ ಮಗು ಮನೆಗೆ ಬಂದು ಯಾರ ಹೆಸರು ಜಾಸ್ತಿ ಹೇಳುತ್ತದೆ?"