ಟ್ಯಾಂಕುಗಳಿದ್ದೂ ಸೋತ ರಾತ್ರಿ

1960 ಮತ್ತು 1980ರಲ್ಲಿ ಸರ್ಕಾರಗಳನ್ನೇ ಕಿತ್ತೊಗೆದಿದ್ದ, 1997ರಲ್ಲಿ ಗುಂಡು ಹಾರಿಸದೆ ಒತ್ತಡವೊಂದರಿಂದಲೇ ಪ್ರಧಾನಿಯನ್ನು ಕೆಳಗಿಳಿಸಿದ್ದ ಟರ್ಕಿಯ ಸೇನೆಯಲ್ಲಿ, 2016ರ ಜುಲೈ 15ರ ರಾತ್ರಿ ದಂಗೆಯೆದ್ದ ಬಣವು ಬೆಳಗಾಗುವುದರೊಳಗೆ ನೆಲಕಚ್ಚಿದ್ದೇಕೆ ಎಂದು ಇಂದು ಯೋಚಿಸುತ್ತಿದ್ದೆ. ಅವರು ಇಸ್ತಾಂಬುಲಿನ ಬಾಸ್ಫರಸ್ ಸೇತುವೆಗೆ ಟ್ಯಾಂಕು ಅಡ್ಡ ನಿಲ್ಲಿಸಿ, ಸರ್ಕಾರಿ ಟಿವಿಯ ವಾರ್ತಾವಾಚಕಿಯಿಂದ ಹೇಳಿಕೆ ಓದಿಸಿದರು. ಎಲ್ಲವೂ ಹಳೆಯ ವರಸೆ. ಅತ್ತ ಖಾಸಗಿ ವಾಹಿನಿಯ ನಿರೂಪಕಿ ಕ್ಯಾಮೆರಾದೆದುರು ಹಿಡಿದ ಮೊಬೈಲಿನಿಂದ ಅಧ್ಯಕ್ಷ ಎರ್ಡೊಗಾನ್ ಜನರನ್ನು ಬೀದಿಗೆ ಕರೆದರು. ಆದರೂ ಗೆಲುವಿನ ಶ್ರೇಯವನ್ನೆಲ್ಲ ಆ ಮೊಬೈಲಿಗೆ ಕೊಡಲು ನನಗೆ ಮನಸ್ಸಿಲ್ಲ. 2003ರ ಸುಧಾರಣೆಗಳು ರಾಷ್ಟ್ರೀಯ ಭದ್ರತಾ ಮಂಡಳಿಯ ಮೂಲಕ ಸೇನಾಧಿಕಾರಿಗಳು ನಡೆಸುತ್ತಿದ್ದ ದರ್ಬಾರನ್ನು ಆಗಲೇ ಮೊಟಕುಗೊಳಿಸಿದ್ದವು. ಆ ರಾತ್ರಿಯಂತೂ ಇಸ್ತಾಂಬುಲಿನ ‘ಒಂದನೇ ಸೇನೆ’ ಎಂಬ ಸೇನಾ ವಿಭಾಗದ ಮುಖ್ಯಸ್ಥರೇ ದಂಗೆಯನ್ನು ಬಹಿರಂಗವಾಗಿ ವಿರೋಧಿಸಿದರು. ಮೇಲಧಿಕಾರಿಗಳೇ ಒಡೆದು ನಿಂತಾಗ ಸೇನೆಯ ಬಹುಭಾಗ ದಂಗೆಕೋರರ ಜೊತೆಗೂಡಲಿಲ್ಲ.