ಮೇಡಂ, ಹೊಟ್ಟೆ ಕರಗುತ್ತಾ?

ಬೆಂಗಳೂರಿನಲ್ಲಿ ಬೆಲ್ಲಿ ಡಾನ್ಸ್ ಕಲಿಸುತ್ತೇನೆ, ಶೋಗಳಲ್ಲಿ ಕುಣಿಯುತ್ತೇನೆ. ಇದನ್ನು ಕೇಳಿದವರು "ಮನೇಲಿ ಏನೂ ಅನ್ನಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಆದರೆ ಅದು ಎರಡನೇ ಪ್ರಶ್ನೆ. ಮೊದಲನೇದು "ಹೊಟ್ಟೆ ಕರಗುತ್ತಾ?" ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಒಬ್ಬರು ಕೇಳಿದ್ದರು.

ಇಲ್ಲ, ಕರಗಲ್ಲ. ಬೆವರು ಸುರಿಯುತ್ತದೆ, ತೊಡೆ ನೋಯುತ್ತದೆ, ಗೂನು ಹಾಕಿ ಕೂರುವವರ ಬೆನ್ನು ನೆಟ್ಟಗಾಗುತ್ತದೆ. ಆದರೆ ಹೊಟ್ಟೆ ಕುಣಿಸಿದರೆ ಹೊಟ್ಟೆಯ ಕೊಬ್ಬೇ ಹೋಗುತ್ತದೆ ಅನ್ನೋದು ಸುಳ್ಳು. ಕೊಬ್ಬು ನಾವು ತೋರಿಸಿದ ಜಾಗದಿಂದ ಇಳಿಯುವುದಿಲ್ಲ. ಈ ಸುಳ್ಳನ್ನು ನಾನೂ ಒಮ್ಮೆ ಮಾರಿದ್ದೇನೆ. ಕ್ಲಾಸು ಶುರು ಮಾಡಿದ ಹೊಸದರಲ್ಲಿ ಪಾಂಪ್ಲೆಟ್ ಮೇಲೆ 'ಹೊಟ್ಟೆ ಕರಗಿಸಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. 14 ಜನ ಬಂದರು. ಎರಡು ತಿಂಗಳಿಗೆ ಮೂವರು ಉಳಿದರು.

ತಮಾಷೆ ಏನು ಗೊತ್ತಾ? ಈಜಿಪ್ಟಿನಲ್ಲಿ ಈ ಕುಣಿತದ ಹೆಸರಲ್ಲಿ ಹೊಟ್ಟೆಯೇ ಇಲ್ಲ. ವೇದಿಕೆಯ ಮೇಲಿನದು ರಕ್ಸ್ ಶರ್ಕಿ, ಅಂದರೆ ಪೂರ್ವದ ಕುಣಿತ. ಮನೆಯಲ್ಲಿ, ಮದುವೆಯಲ್ಲಿ ಕುಣಿಯುವುದು ಬಲದಿ. ಬಲದಿಗೆ ನಮ್ಮಲ್ಲಿ ಸರಿಯಾದ ಪದ 'ನಾಟಿ'. ನಾವು ನಾಟಿ ಕೋಳಿ ಅನ್ನುವ ಹಾಗೆ ಅವರು ದಿನಾ ತಿನ್ನುವ ರೊಟ್ಟಿಗೂ ಬಲದಿ ಅನ್ನುತ್ತಾರೆ. ಹೆಸರಿಗೆ ಹೊಟ್ಟೆ ಅಂಟಿಸಿದ್ದು ಫ್ರೆಂಚರು. ಈ ಕುಣಿತ ತೋರಿಸಿದ 1893ರ ಶಿಕಾಗೊ ವಸ್ತುಪ್ರದರ್ಶನ ಆದಮೇಲೆ ಅಮೆರಿಕದಲ್ಲೂ ಅದೇ ಹೆಸರು ಓಡಾಡಿತು. ಕೈರೋದಲ್ಲಿ 1926ರಲ್ಲಿ ಬದಿಯಾ ಮಸಾಬ್ನಿ ಎಂಬ ನರ್ತಕಿ ಹಾಡು ಕುಣಿತದ ಒಂದು ಕ್ಲಬ್ ತೆರೆದರು. ಅಲ್ಲಿ ಕುಣಿದು ಬೆಳೆದವರು ತಹಿಯಾ ಕರಿಯೋಕಾ. ಅವರ ಹಳೇ ಕಪ್ಪು ಬಿಳುಪು ಸಿನಿಮಾ ಸಿಕ್ಕರೆ ನೋಡಿ. ತುಂಬಿದ ಮೈ, ನಿಂತ ಜಾಗ ಬಿಟ್ಟು ಜಾಸ್ತಿ ಕದಲುವುದೂ ಇಲ್ಲ. ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ.

ಹಾಗಾದರೆ ಹೊಟ್ಟೆ ಅಲ್ಲಾಡುವುದು ಹೇಗೆ? ಮಂಡಿಯಿಂದ. ಶಿಮ್ಮಿ ಎನ್ನುವ ನಡುಕ ಇದೆಯಲ್ಲ, ಅದರಲ್ಲಿ ಕೆಲಸ ಮಾಡುವುದು ಮಂಡಿ. ಒಂದು ಮಡಚಿದಾಗ ಇನ್ನೊಂದು ನೆಟ್ಟಗೆ, ಬೇಗ ಬೇಗ. ಉಳಿದದ್ದನ್ನು ಸುಮ್ನೆ ಬಿಡಬೇಕು. ಆ ಬಿಡುವುದೇ ಕಷ್ಟ.

ಬ್ಯಾಂಕಿನಿಂದ ರಿಟೈರ್ ಆದ ಆಂಟಿ ಒಬ್ಬರು ಬರುತ್ತಿದ್ದರು. ಒಂದು ತಿಂಗಳಾದರೂ ಶಿಮ್ಮಿ ಬರಲಿಲ್ಲ. ನೋಡಿದರೆ, ಹೊಟ್ಟೆಯನ್ನು ಒಳಗೆ ಎಳೆದುಕೊಂಡೇ ಇದ್ದಾರೆ.

"ಉಸಿರು ಬಿಡಿ ಆಂಟಿ."

"ಬಿಟ್ರೆ ಕಾಣತ್ತಲ್ಲಮ್ಮಾ!"

"ಮೊರದಲ್ಲಿ ಅಕ್ಕಿ ಕೇರುವಾಗ ಅಕ್ಕೀನ ಹಿಡ್ಕೋತೀರಾ? ಮಂಡಿ ನಿಮ್ಮ ಕೈ, ಸೊಂಟ ಮೊರ. ಅಕ್ಕಿ ತಾನೇ ಕುಣಿಯತ್ತೆ."

ಆಂಟಿಗೆ ನಗು ಬಂತು. ನಕ್ಕಾಗ ಹೊಟ್ಟೆ ಸಡಿಲವಾಯಿತು. ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ಬಿಲ್ಲೆಗಳು ಒಂದೇ ಸಮ ಝಲ್ ಅನ್ನತೊಡಗಿದವು. ಅವರು ತಟ್ಟನೆ ನಿಂತು ಕೆಳಗೆ ನೋಡಿಕೊಂಡರು. "ಇದು ನಂದೇನಾ?" ಅಂದರು. ಆ ತುಂಬು ಸದ್ದು ನನಗೆ ಬರುವುದಿಲ್ಲ. ನಾನು ಸಣಕಲಿ. ಹೊಟ್ಟೆಕಿಚ್ಚಾಯಿತು ಅಂದರೂ ಸರಿಯೇ.

ಶೋ ಮಾಡಿಸುವವರಿಗೆ ಇದನ್ನು ಹೇಳಿ ನೋಡಿ! ಒಬ್ಬರು ದುಡ್ಡಿನ ಮಾತಿಗೆ ಮೊದಲೇ ಸೊಂಟದ ಫೋಟೋ ಕಳಿಸಿ ಅಂದರು. ಕಳಿಸಲಿಲ್ಲ, ಶೋ ಹೋಯಿತು. ಸಿಕ್ಕಿದ ಶೋಗಳೂ ಅಷ್ಟಕ್ಕಷ್ಟೇ. ಕುರ್ಚಿ ಪೇರಿಸಿಟ್ಟ ಕೋಣೆಯಲ್ಲಿ ಬಟ್ಟೆ ಬದಲಿಸಬೇಕು, ಜಾರುವ ಟೈಲ್ಸ್ ಮೇಲೆ 7 ನಿಮಿಷ ಬರಿಗಾಲಲ್ಲಿ ಕುಣಿಯಬೇಕು. ಆಮೇಲೆ ದುಡ್ಡಿಗೆ 3 ತಿಂಗಳು ಫೋನು. ಮನೆ ಬಾಡಿಗೆ ಕಟ್ಟುವುದು ಕ್ಲಾಸಿನ ಫೀಸೇ. ಅದಕ್ಕೇ ಆ ಪಾಂಪ್ಲೆಟ್ ಮತ್ತೆ ಹಾಕಿಸಲೇ ಅಂತ ಒಂದೊಂದು ತಿಂಗಳು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆಯೂ ಒಂದು ಫೋನ್ ಬಂತು. ಅದೇ ಪ್ರಶ್ನೆ. "ಇಲ್ಲ ಮೇಡಂ, ಕರಗಲ್ಲ. ಆದ್ರೂ ಬನ್ನಿ, ಒಂದು ದುಪಟ್ಟಾ ತನ್ನಿ ಸಾಕು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಕೇಳಿದರು:

"ಪಾರ್ಕಿಂಗ್ ಇದೆಯಾ?"