ಬಿಸಿಬೇಳೆ ಬಾತ್ ತಟ್ಟೆಗೆ ಬರುವಷ್ಟರಲ್ಲಿ ಮುದ್ದೆಯಾಗುವುದು ಯಾಕೆ?

ಚಳಿ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಒಲೆ ಮೇಲಿದ್ದಾಗ ಸರಿಯಾಗೇ ಇತ್ತು, ಎಲ್ಲರೂ ಬಂದು ಕೂರುವಷ್ಟರಲ್ಲಿ ಸೌಟು ನೆಟ್ಟರೆ ನಿಲ್ಲುವ ಹಾಗಾಯಿತು. ಹೋಟೆಲಿನಲ್ಲಿ ಬೆಳಗ್ಗೆ ಮಾಡಿದ್ದು ಮಧ್ಯಾಹ್ನವೂ ಹರಿಯುತ್ತಿರುತ್ತದಲ್ಲ, ಅದು ಹೇಗೆ? ನೀರು ಎಷ್ಟು ಹಾಕಬೇಕು?"

ನೀರಿನ ಅಳತೆ ಕೆಳಗಿದೆ. ಆದರೆ ಅಳತೆಯೊಂದರಿಂದಲೇ ಇದು ಬಗೆಹರಿಯುವುದಿಲ್ಲ. ಬಿಸಿಬೇಳೆ ಬಾತ್ ಆರುತ್ತಾ ಗಟ್ಟಿಯಾಗುವುದು ಅದರ ಗುಣ, ಯಾರು ಮಾಡಿದರೂ ಆಗುತ್ತದೆ. ಒಲೆಯಿಂದ ಇಳಿಸುವಾಗ "ಅಯ್ಯೋ, ಸಾರಿನ ಹಾಗಾಯಿತಲ್ಲ" ಅನ್ನಿಸಬೇಕು. ಜೊತೆಗೆ ಹುಳಿ ರಸದಲ್ಲಿ ಕಾಲು ಭಾಗವನ್ನು ಮೊದಲೇ ಎತ್ತಿಟ್ಟಿದ್ದು ಬಡಿಸುವಾಗ ಬೆರೆಸಬೇಕು. ಈ ಎರಡು ಮಾಡಿದರೆ ಮುಕ್ಕಾಲು ಪಾಲು ತಾಪತ್ರಯ ಮುಗಿಯಿತು.

ಪಾತ್ರೆಯೊಳಗೆ ನೀರು ಕುಡಿಯುವವರು ಮೂವರಿದ್ದಾರೆ. ಮೊದಲನೆಯದು ಅಕ್ಕಿ. ಬೇಯುವಾಗ ಅಕ್ಕಿಯ ಗಂಜಿ, ಅಂದರೆ ಪಿಷ್ಟ, ಉಬ್ಬಿ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ. ಬಿಸಿ ಇರುವವರೆಗೆ ಅದು ಸಡಿಲವಾಗಿ ಓಡಾಡಿಕೊಂಡಿರುತ್ತದೆ, ಆರುತ್ತಿದ್ದಂತೆ ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಹಿಡಿದು ಕೂರುತ್ತದೆ. ಇಳಿಸಿದ ಮೇಲೂ ಅಗುಳು ನೀರು ಹೀರುವುದನ್ನು ನಿಲ್ಲಿಸುವುದಿಲ್ಲ. ಎರಡನೆಯದು ನುಣ್ಣಗಾದ ತೊಗರಿಬೇಳೆ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಪುಡಿಯಲ್ಲಿರುವ ಕಡಲೆಬೇಳೆ, ಉದ್ದಿನಬೇಳೆ. ಅದು ಹುರಿದ ಹಿಟ್ಟೇ ತಾನೆ, ಕುದಿಯುವ ರಸಕ್ಕೆ ಬಿದ್ದ ಹತ್ತು ನಿಮಿಷದಲ್ಲಿ ದಪ್ಪ ಮಾಡುತ್ತದೆ. ಬಾತ್ ಸಪ್ಪೆಯೆಂದು ಕೊನೆಯಲ್ಲಿ ಇನ್ನೆರಡು ಚಮಚ ಪುಡಿ ಸುರಿಯುವವರ ಬಾತ್ ಗಟ್ಟಿಯಾಗುವುದು ಇದರಿಂದಲೇ. ಸಪ್ಪೆ ಅನ್ನಿಸಿದರೆ ಹೆಚ್ಚಿನ ಸಲ ಕಮ್ಮಿಯಾಗಿರುವುದು ಉಪ್ಪು ಅಥವಾ ಹುಳಿ.

ಹೋಟೆಲಿನವರ ಗುಟ್ಟು ದೊಡ್ಡದೇನಲ್ಲ. ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲೋ ಸಣ್ಣ ಉರಿಯಲ್ಲೋ ಇಟ್ಟು ಆರಲು ಬಿಡುವುದಿಲ್ಲ. ಆಗಾಗ ಕುದಿನೀರು, ಎಣ್ಣೆ ಅಥವಾ ಡಾಲ್ಡಾ ಬೆರೆಸುತ್ತಿರುತ್ತಾರೆ. ಮನೆಯಲ್ಲಿ ಪಾತ್ರೆ ನೇರ ಊಟದ ಮೇಜಿಗೆ ಹೋಗುತ್ತದೆ, ಡಿಸೆಂಬರಿನಲ್ಲಿ ಸ್ಟೀಲ್ ತಟ್ಟೆಯೇ ತಣ್ಣಗೆ ಕೊರೆಯುತ್ತಿರುತ್ತದೆ.

ಚಳಿಗಾಲದಲ್ಲಿ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಭತ್ತ ಕೊಯ್ಲಾಗಿ ಸಂಕ್ರಾಂತಿ ಹೊತ್ತಿಗೆ ಅಂಗಡಿಗೆ ಹೊಸ ಅಕ್ಕಿ ಬಂದಿರುತ್ತದೆ. ಹೊಸ ಅಕ್ಕಿ ಬೇಗ ಅಂಟಾಗುತ್ತದೆ, ಗಂಜಿಯನ್ನು ಧಾರಾಳವಾಗಿ ಬಿಡುತ್ತದೆ. ಹುಗ್ಗಿಗೆ ಅದು ಒಳ್ಳೆಯದು, ಬಿಸಿಬೇಳೆ ಬಾತಿಗೆ ಅಲ್ಲ. ಇದಕ್ಕೆ ಒಂದು ವರ್ಷ ಹಳೆಯ ಸೋನಾ ಮಸೂರಿಯೇ ಆಗಬೇಕು. ಅಂಗಡಿಯಲ್ಲಿ "ಹಳೇ ಅಕ್ಕಿ ಕೊಡಿ" ಎಂದು ಬಾಯಿಬಿಟ್ಟು ಕೇಳಿ. ಹೊಸದೇ ಸಿಕ್ಕಿದರೆ ನಾಲ್ಕೈದು ಸಲ ತೊಳೆದು, ಬೇಯಿಸುವ ನೀರು 100 ಮಿಲಿ ಕಮ್ಮಿ ಮಾಡಿ. ಬಾಸ್ಮತಿ ಬೇಡ. ಅಗುಳು ಉದುರುದುರಾಗಿ ಒಂದು ಕಡೆ, ಬೇಳೆ ರಸ ಇನ್ನೊಂದು ಕಡೆ ನಿಲ್ಲುತ್ತದೆ.

ಇನ್ನು ಅಳತೆ. ಐದಾರು ಜನಕ್ಕೆ 150 ಗ್ರಾಂ ಅಕ್ಕಿ, 150 ಗ್ರಾಂ ತೊಗರಿಬೇಳೆ. ಸಮಸಮ ಇರಲಿ, ಹೆಸರಿನಲ್ಲೇ ಬೇಳೆ ಇದೆ. ಇದನ್ನು ಹುಳಿಯನ್ನ ಎಂದು ಕರೆಯುವ ಮನೆಗಳಲ್ಲಿ ಬೇಳೆ ಅಕ್ಕಿಗಿಂತ ಒಂದು ಹಿಡಿ ಹೆಚ್ಚೇ ಬೀಳುತ್ತದೆ. ಬೇಳೆ ಅರ್ಧಕ್ಕೆ ಇಳಿದರೆ ಬರುವುದು ತರಕಾರಿ ಅನ್ನ. ಎಲ್ಲಾ ಸೇರಿ ನೀರು ಸುಮಾರು 2 ಲೀಟರ್. ಓದಿದಾಗ ಜಾಸ್ತಿ ಅನ್ನಿಸುತ್ತದೆ, ಹೆದರಬೇಡಿ.

ಅಕ್ಕಿ ಬೇಳೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಆರು ಸೀಟಿ ಕೂಗಿಸುವ ಪದ್ಧತಿ ಇದೆಯಲ್ಲ, ಗೋಂದಿನಂಥ ಬಾತಿಗೆ ಅದೇ ಹತ್ತಿರದ ದಾರಿ. ಬೇಳೆ ನುಣ್ಣಗಾಗುವಷ್ಟು ಹೊತ್ತಿಗೆ ಅಕ್ಕಿ ಒಡೆದು ಹಿಟ್ಟಾಗಿರುತ್ತದೆ. ಬೇಳೆಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಬಸಿದು, 500 ಮಿಲಿ ನೀರು, ಕಾಲು ಚಮಚ ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನ ಕೆಳಗಿನ ಪಾತ್ರೆಯಲ್ಲಿಡಿ. ಅಕ್ಕಿಯನ್ನು ನೆನೆಸದೆ, ತೊಳೆದು, ಇನ್ನೊಂದು 500 ಮಿಲಿ ನೀರಿನೊಂದಿಗೆ ಮೇಲಿನ ಪಾತ್ರೆಯಲ್ಲಿಡಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 10 ನಿಮಿಷ, ಆಮೇಲೆ ತಾನಾಗಿ ಇಳಿಯಲು ಬಿಡಿ. ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುವುದರಿಂದ ಸೀಟಿಗಿಂತ ಗಡಿಯಾರವನ್ನು ನಂಬಿ. ಬೇಳೆಯನ್ನು ಕಡೆಗೋಲಿನಿಂದ ಚೆನ್ನಾಗಿ ಕಡೆಯಿರಿ. ಅನ್ನವನ್ನು ಸೌಟಿನಿಂದ ಸಡಿಲಿಸಿದರೆ ಸಾಕು, ಹಿಸುಕಬಾರದು.

ಬೇಳೆ ಎಷ್ಟು ಬೇಯಿಸಿದರೂ ಕಣಕಣವಾಗಿ ಉಳಿಯುತ್ತದೆ ಎನ್ನುವವರು ಮೊದಲು ನೀರು ನೋಡಿ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದ ಅಂಶ ಬೇಳೆಯನ್ನು ಬಿಗಿ ಮಾಡುತ್ತದೆ, ಫಿಲ್ಟರ್ ನೀರಿನಲ್ಲಿ ಬೇಯಿಸಿ. ಎರಡನೆಯ ಕಾರಣ ವರ್ಷಗಟ್ಟಲೆ ಡಬ್ಬದಲ್ಲಿ ಕೂತ ಬೇಳೆ. ಮೂರನೆಯದು ಹುಣಸೆ. ಹುಳಿ ಬಿದ್ದ ಮೇಲೆ ಬೇಳೆಯಾಗಲಿ ತರಕಾರಿಯಾಗಲಿ ಮೆತ್ತಗಾಗುವುದು ಬಲು ನಿಧಾನ. ಆದ್ದರಿಂದ ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆರಸ. ಇದೇ ಗುಣ ತರಕಾರಿ ವಿಷಯದಲ್ಲಿ ಉಪಕಾರಕ್ಕೆ ಬರುತ್ತದೆ: ಮುಕ್ಕಾಲು ಬೆಂದ ತರಕಾರಿಗೆ ಹುಳಿ ಬಿದ್ದರೆ ಹೋಳು ಕರಗದೆ ಹಾಗೇ ನಿಲ್ಲುತ್ತದೆ.

ತರಕಾರಿಗೆ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು ತಲಾ 75 ಗ್ರಾಂ, ಹತ್ತು ಸಾಂಬಾರ್ ಈರುಳ್ಳಿ, ಅರ್ಧ ದೊಣ್ಣೆಮೆಣಸಿನಕಾಯಿ. ದೊಣ್ಣೆಮೆಣಸಿನಕಾಯಿ ಬಿಡಬೇಡಿ, ಆ ಘಮಕ್ಕೆ ಬದಲಿ ಇಲ್ಲ. ಆಲೂಗಡ್ಡೆ ನನ್ನ ಲೆಕ್ಕದಲ್ಲಿ ಬೇಡವೇ ಬೇಡ, ಇನ್ನೊಂದು ಗಂಜಿ ಪದಾರ್ಥ ಯಾಕೆ? ಡಿಸೆಂಬರ್, ಜನವರಿಯಲ್ಲಿ ಅದರ ಜಾಗಕ್ಕೆ 150 ಗ್ರಾಂ ಹಿದಕಿದ ಅವರೆಬೇಳೆ ಬರಲಿ. ಮಾಗಡಿ ಕಡೆಯ ಸೊಗಡಿನ ಅವರೆ ಸಿಕ್ಕರೆ ಅದೃಷ್ಟ. ಸುಲಿದ ಕಾಳನ್ನು ಆರೇಳು ಗಂಟೆ ನೀರಿನಲ್ಲಿ ಬಿಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬೋಗುಣಿಯ ಬಾಯಿಗೆ ಅಡ್ಡವಾಗಿ ಕೈ ಹಿಡಿದು ಒತ್ತಿ, ಇಲ್ಲದಿದ್ದರೆ ಅರ್ಧ ಕಾಳು ಫ್ರಿಜ್ ಕೆಳಗೆ ಸೇರುತ್ತದೆ. ಹಿದಕಿದ ಬೇಳೆಯನ್ನು ಕುಕ್ಕರಿಗೆ ಹಾಕಬಾರದು. ತೆರೆದ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಸಾಕು. ಹೊರದೇಶದಲ್ಲಿರುವವರಿಗೆ ಭಾರತೀಯ ಅಂಗಡಿಗಳ ಫ್ರೀಜರಿನಲ್ಲಿ "ಸೂರ್ತಿ ಪಾಪ್ಡಿ ಲಿಲ್ವಾ" ಎಂಬ ಹೆಸರಿನಲ್ಲಿ ಅವರೆಕಾಳು ಸಿಗುತ್ತದೆ. ಪಕ್ಕದಲ್ಲೇ "ತುವರ್ ಲಿಲ್ವಾ" ಇರುತ್ತದೆ, ಅದು ಹಸಿ ತೊಗರಿಕಾಳು. ಗಡಿಬಿಡಿಯಲ್ಲಿ ಅದನ್ನು ಎತ್ತಿಕೊಳ್ಳಬೇಡಿ.

ಪುಡಿಯನ್ನು ಮನೆಯಲ್ಲೇ ಮಾಡಿದರೆ ಬೇಳೆ ಎಷ್ಟಿರಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಕಡಲೆಬೇಳೆ 2, ಉದ್ದಿನಬೇಳೆ 1, ಜೀರಿಗೆ ಒಂದು ಟೀ ಚಮಚ, ಮೆಣಸು ಅರ್ಧ, ಮೆಂತ್ಯ ಕಾಲು ಟೀ ಚಮಚ, ಎರಡು ಇಂಚು ಚಕ್ಕೆ, 4 ಲವಂಗ, 2 ಏಲಕ್ಕಿ, 2 ಮರಾಠಿ ಮೊಗ್ಗು, ಒಂದು ಟೀ ಚಮಚ ಗಸಗಸೆ, 3 ದೊಡ್ಡ ಚಮಚ ತುರಿದ ಒಣಕೊಬ್ಬರಿ, 20 ಬ್ಯಾಡಗಿ ಮೆಣಸಿನಕಾಯಿ, 5 ಗುಂಟೂರು. ಇದು ಎರಡು ಸಲಕ್ಕೆ ಧಾರಾಳ. ಬ್ಯಾಡಗಿಯಲ್ಲಿ ಸುಕ್ಕುಸುಕ್ಕಾದ ಡಬ್ಬಿ ಜಾತಿಯದ್ದನ್ನೇ ಕೇಳಿ, ಬಣ್ಣ ಹೆಚ್ಚು, ಖಾರ ಕಮ್ಮಿ. ಖಾರದ ಹೊಣೆ ಗುಂಟೂರಿನದು.

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಪುಡಿ ಕೆಟ್ಟಿತು. ಬೇಳೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಹುರಿಯಿರಿ. ಒಳಗೆ ಹಸಿ ಉಳಿದರೆ ಬಾತಿನಲ್ಲಿ ಹಿಟ್ಟಿನ ವಾಸನೆ ಬರುತ್ತದೆ. ಚಕ್ಕೆ, ಲವಂಗ, ಏಲಕ್ಕಿ, ಮೊಗ್ಗು ಬೇರೆ, ಕೊತ್ತಂಬರಿ, ಜೀರಿಗೆ, ಮೆಣಸು ಬೇರೆ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ, ಅದನ್ನು ಎಸೆದು ಮತ್ತೆ ಕಾಲು ಚಮಚ ಹುರಿಯುವುದು ಅಗ್ಗದ ನಷ್ಟ. ಮೆಣಸಿನಕಾಯಿ ಗರಿಗರಿಯಾದರೆ ಸಾಕು, ಬಣ್ಣ ಬದಲಾಗಬಾರದು. ಗಸಗಸೆ, ಕೊಬ್ಬರಿಯನ್ನು ಒಲೆ ಆರಿಸಿದ ಮೇಲೆ ಬಾಣಲೆಯ ಕಾವಿನಲ್ಲೇ ಬಿಸಿ ಮಾಡಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಅಂದಹಾಗೆ, ಯುಎಇಗೆ ಗಸಗಸೆ ಒಯ್ಯುವುದು ನಿಷಿದ್ಧ. ದುಬೈಗೆ ಹೊರಟ ಮಗಳಿಗೆ ಪುಡಿ ಕಟ್ಟಿಕೊಡುವ ಅಮ್ಮಂದಿರು ಗಸಗಸೆ ಬಿಟ್ಟೇ ಮಾಡಿ, ರುಚಿಗೆ ಅಂಥ ಕೊರತೆಯೇನೂ ಆಗುವುದಿಲ್ಲ.

ಈಗ ರಸ. 35 ಗ್ರಾಂ ಹುಣಸೆಹಣ್ಣನ್ನು 250 ಮಿಲಿ ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿ. ದಪ್ಪ ತಳದ ಪಾತ್ರೆಯಲ್ಲಿ 600 ಮಿಲಿ ನೀರು ಕುದಿಸಿ ಮೊದಲು ನವಿಲುಕೋಸು, ಕ್ಯಾರೆಟ್, ಎರಡು ನಿಮಿಷ ಬಿಟ್ಟು ಹುರುಳಿಕಾಯಿ, ಈರುಳ್ಳಿ, ಅವರೆಬೇಳೆ ಹಾಕಿ. ಮುಕ್ಕಾಲು ಬೆಂದ ಮೇಲೆ ಹುಣಸೆರಸ, 20 ಗ್ರಾಂ ಬೆಲ್ಲ, 3 ಟೀ ಚಮಚ ಉಪ್ಪು, ದೊಣ್ಣೆಮೆಣಸಿನಕಾಯಿ. ಐದು ದೊಡ್ಡ ಚಮಚ ಪುಡಿಯನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ ಸೇರಿಸಿ. ನೇರವಾಗಿ ಕುದಿಯುವ ರಸಕ್ಕೆ ಉದುರಿಸಿದರೆ ಹೊರಗೆ ಬೆಂದು ಒಳಗೆ ಒಣಗಿದ ಗಂಟುಗಳಾಗುತ್ತವೆ, ಅವನ್ನು ಒಡೆಯಲು ಹೋಗಿ ತರಕಾರಿ ಕಲಸಿಹೋಗುತ್ತದೆ. ಎಂಟು ಹತ್ತು ನಿಮಿಷ ಕುದಿಯಲೇಬೇಕು. ಹುಣಸೆಯ ಹಸಿವಾಸನೆ ಹೋಗುವುದು ಈ ಹಂತದಲ್ಲಿ ಮಾತ್ರ, ಅನ್ನ ಬಿದ್ದ ಮೇಲೆ ಅಷ್ಟು ಹೊತ್ತು ಕುದಿಸಲು ಆಗುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ತರಕಾರಿ ಬಿಟ್ಟು ರಸವನ್ನು ಮಾತ್ರ ಒಂದು ದೊಡ್ಡ ಲೋಟ, ಸುಮಾರು 200 ಮಿಲಿ, ಬೇರೆ ಪಾತ್ರೆಗೆ ತೆಗೆದಿಡಿ. ಬಾತ್ ಗಟ್ಟಿಯಾದಾಗ ಬರೀ ಬಿಸಿನೀರು ಸುರಿದರೆ ಉಪ್ಪು, ಹುಳಿ, ಖಾರ ಮೂರೂ ಇಳಿದು ನೀರುನೀರಾಗುತ್ತದೆ. ಎತ್ತಿಟ್ಟ ರಸ ಬೆರೆಸಿದರೆ ಹದವೂ ರುಚಿಯೂ ಒಟ್ಟಿಗೆ ವಾಪಸ್ ಬರುತ್ತವೆ.

ಆಮೇಲೆ ಕಡೆದ ಬೇಳೆ, ಅನ್ನ, ಒಂದು ಲೋಟ ಕುದಿನೀರು ಸೇರಿಸಿ ಸಣ್ಣ ಉರಿಯಲ್ಲಿ ಐದಾರು ನಿಮಿಷ. ತಳ ಹಿಡಿಯುವುದು ಈ ಐದು ನಿಮಿಷದಲ್ಲೇ, ಆದ್ದರಿಂದ ಪಾತ್ರೆಯ ಕೆಳಗೆ ದೋಸೆ ಕಾವಲಿ ಇಟ್ಟರೆ ನೆಮ್ಮದಿ. ಹಿಡಿದೇ ಬಿಟ್ಟರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಸೀದ ವಾಸನೆ ಹೆಚ್ಚಾಗಿ ಹಿಂದೆಯೇ ಉಳಿಯುತ್ತದೆ.

ಹದ ನೋಡುವುದು ಪಾತ್ರೆಯಲ್ಲಲ್ಲ, ತಟ್ಟೆಯಲ್ಲಿ. ತಣ್ಣನೆಯ ಸ್ಟೀಲ್ ತಟ್ಟೆಗೆ ಒಂದು ಚಮಚ ಬಾತ್ ಹಾಕಿ ಎರಡು ನಿಮಿಷ ಸುಮ್ಮನಿರಿ. ಆಮೇಲೆ ತಟ್ಟೆ ಓರೆ ಮಾಡಿ. ಸುತ್ತ ತೆಳ್ಳನೆ ರಸದ ಅಂಚು ಬಿಟ್ಟುಕೊಂಡು ನಿಧಾನ ಜಾರಿದರೆ ಸರಿ. ಇಡೀ ಗುಡ್ಡೆ ಕದಲದೆ ಕೂತರೆ ಇನ್ನರ್ಧ ಲೋಟ ಕುದಿನೀರು ಬೇಕು. ತಣ್ಣೀರು ಎಂದೂ ಬೇಡ, ಸೇರಿಸಿದ ಕಡೆಯಲ್ಲೇ ಗಂಜಿ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ.

ಒಗ್ಗರಣೆಗೆ 3 ದೊಡ್ಡ ಚಮಚ ತುಪ್ಪ, ಸಾಸಿವೆ, ಇಂಗು, ಎರಡು ಎಸಳು ಕರಿಬೇವು, ಗೋಡಂಬಿ. ಅರ್ಧ ಒಗ್ಗರಣೆಯನ್ನು ಈಗ ಕಲಸಿ, ಉಳಿದದ್ದನ್ನು ಬಡಿಸುವಾಗ ಮೇಲೆ ಹಾಕಿ. ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಖಾರ ಹುಳಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಬಾತೂ ಗಟ್ಟಿಯಾಗುತ್ತದೆ. ಎತ್ತಿಟ್ಟ ರಸವನ್ನು ಕುದಿಸಿ ಬೆರೆಸುವುದು ಆಗ. ಬಡಿಸುವ ತಟ್ಟೆಗಳನ್ನು ಒಮ್ಮೆ ಬಿಸಿನೀರಿನಲ್ಲಿ ಅದ್ದಿ ಒರೆಸಿಟ್ಟರೆ ಕೊನೆಯ ತುತ್ತಿನವರೆಗೂ ಬಾತ್ ಸಡಿಲವಾಗಿರುತ್ತದೆ.

ಉಳಿದದ್ದನ್ನು ಚಳಿ ಇದೆಯಲ್ಲ ಎಂದು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡಬೇಡಿ. ಬೆಂದ ಅಕ್ಕಿಯಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಗಲ ಪಾತ್ರೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೆಯ ದಿನ ಇಟ್ಟಿಗೆಯಂತಾಗಿರುತ್ತದೆ, ಗಾಬರಿ ಬೇಡ. ಹೆಣೆದುಕೊಂಡ ಗಂಜಿ ಬಿಸಿಗೆ ಮತ್ತೆ ಸಡಿಲವಾಗುತ್ತದೆ. ಒಂದು ಲೋಟ ಬಾತಿಗೆ ಅರ್ಧ ಲೋಟ ಕುದಿನೀರು, ಚಿಟಿಕೆ ಉಪ್ಪು, ಅರ್ಧ ಚಮಚ ಪುಡಿ ಹಾಕಿ ಮುಚ್ಚಿ, ಚೆನ್ನಾಗಿ ಹಬೆಯಾಡುವವರೆಗೆ ಕಾಯಿಸಿ. ಕದಡುವ ಕೆಲಸ ನೀರು ಬಿಸಿಯಾದ ಮೇಲೆ, ಮೊದಲೇ ಕದಡಿದರೆ ಅಗುಳು ಮುರಿಯುತ್ತದೆ.

ಜೊತೆಗೆ ಸಂಡಿಗೆ, ಈರುಳ್ಳಿ ಮೊಸರುಬಜ್ಜಿ ಇದ್ದರೆ ಆಯಿತು. ಖಾರಾಬೂಂದಿಯನ್ನು ಮಾತ್ರ ಪಾತ್ರೆಗೆ ಬೆರೆಸಬೇಡಿ, ತಟ್ಟೆಯ ಮೇಲೆ ತಿನ್ನುವ ಹೊತ್ತಿಗೆ ಉದುರಿಸಿಕೊಳ್ಳಿ. ಅದೂ ನೀರು ಕುಡಿಯುತ್ತದೆ.